ಒಂಟಿ ಜೀವಕ್ಕೆ ಮೈಸೂರೇ ಸರಿ ಎನ್ನುವವರಿಗೆ

ಮದುವೆಯಾಗದೆ ಇರಲು ತೀರ್ಮಾನಿಸಿದವರಿಗೆ, ತೀರ್ಮಾನಿಸದೆಯೂ ಒಬ್ಬರೇ ಬದುಕಬೇಕಾಗಿ ಬಂದವರಿಗೆ ದಕ್ಷಿಣ ಬೆಂಗಳೂರಿನಲ್ಲಿ ಪುಕ್ಕಟೆಯಾಗಿ ಸಿಗುವ ಸಲಹೆ ಒಂದೇ: ‘ಸುಮ್ಮನೆ ಮೈಸೂರಿಗೆ ಹೋಗಿ ಸೆಟ್ಲ್ ಆಗಿಬಿಡಿ.’ ಪದ್ಮನಾಭನಗರದ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಒಬ್ಬರಾದರೂ ಇದನ್ನು ಹೇಳಿರುತ್ತಾರೆ. ಕಾರಣಗಳೂ ಅವರಿಗೆ ಬಾಯಿಪಾಠ. ಬಾಡಿಗೆ ಕಡಿಮೆ. ಟ್ರಾಫಿಕ್ ಇಲ್ಲ. ನೀರಿಗೆ ತಾಪತ್ರಯವಿಲ್ಲ. ಊರು ಚೊಕ್ಕಟ. ಜನ ಒಳ್ಳೆಯವರು. ಬೇಕೆನಿಸಿದರೆ ಎರಡು ಗಂಟೆಯಲ್ಲಿ ಬೆಂಗಳೂರು. ಕೊನೆಗೊಂದು ಪ್ರಶ್ನೆ: ‘ಒಂಟಿ ಜೀವಕ್ಕೆ ಇನ್ನೇನು ಬೇಕು?’

ಸಲಹೆಯ ದೋಷವೆಲ್ಲ ಈ ಪ್ರಶ್ನೆಯಲ್ಲೇ ಇದೆ. ಒಬ್ಬರೇ ಇರುವವರಿಗೆ ಊರಿನಿಂದ ಬೇಕಾಗುವುದು ಕಡಿಮೆ ಎಂದು ಅದು ನಂಬಿಕೊಂಡಿದೆ. ನನಗೆ ಕಾಣುವುದು ಇದರ ತಿರುವುಮುರುವು. ನಾಲ್ಕು ಜನರ ಮನೆ ತನ್ನೊಳಗೇ ಮಾಡಿಕೊಳ್ಳುವ ಕೆಲಸಗಳೆಷ್ಟೋ ಇವೆ: ಜ್ವರ ಬಂದವರಿಗೆ ಗಂಜಿ ಕಾಯಿಸುವುದು, ಗ್ಯಾಸ್ ಸಿಲಿಂಡರ್ ಬಂದಾಗ ಬಾಗಿಲು ತೆಗೆಯುವುದು, ಕೆಲಸ ಹೋದ ಮೂರು ತಿಂಗಳು ಇನ್ನೊಬ್ಬರ ಸಂಬಳದಲ್ಲಿ ದೂಡುವುದು, ಸಂಜೆ ಏಳರ ಮೇಲೆ ಮಾತಿಗೊಬ್ಬರು ಇರುವುದು. ಒಬ್ಬರೇ ಇರುವವರು ಇಷ್ಟನ್ನೂ ಹೊಸ್ತಿಲಾಚೆಯಿಂದ ಪಡೆಯಬೇಕು. ಸಂಸಾರಸ್ಥರು ಊರನ್ನು ಕಿಟಕಿಯಿಂದ ನೋಡಿ ಮೆಚ್ಚಬಹುದು. ಒಂಟಿಯಾಗಿರುವವರು ಊರನ್ನೇ ಸಂಸಾರ ಮಾಡಿಕೊಳ್ಳಬೇಕು. ಹಾಗಾಗಿ ಮೈಸೂರು ಒಳ್ಳೆಯ ಊರೇ ಎಂದು ಕೇಳಿ ಪ್ರಯೋಜನವಿಲ್ಲ. ಒಳ್ಳೆಯ ಊರೇ, ಅನುಮಾನವಿಲ್ಲ. ಅದು ಯಾರಿಗೆ ಒಳ್ಳೆಯದು ಎಂಬುದನ್ನು ಕೇಳಬೇಕು.

ಎರಡು ಊರುಗಳನ್ನು ತಕ್ಕಡಿಗಿಡುವುದು ಸುಲಭವೆನ್ನಿಸಲು ಕಾರಣ, ಅವುಗಳ ಹೋಲಿಕೆ. ಬೆಂಗಳೂರು ಎಂದರೆ ಇಲ್ಲಿ ವೈಟ್‌ಫೀಲ್ಡ್ ಅಲ್ಲ; ಬಸವನಗುಡಿಯಿಂದ ಜಯನಗರ, ಬನಶಂಕರಿ ದಾಟಿ ಪದ್ಮನಾಭನಗರ, ಚಿಕ್ಕಲ್ಲಸಂದ್ರದವರೆಗೆ ಹಬ್ಬಿದ ಊರು. ಇದಕ್ಕೂ ಮೈಸೂರಿನ ಸರಸ್ವತೀಪುರಂ, ಕುವೆಂಪುನಗರಗಳಿಗೂ ಹುಟ್ಟಿನ ನಂಟಿದೆ. 1898ರ ಪ್ಲೇಗ್ ಬೆಂಗಳೂರಿನ ಪೇಟೆಯನ್ನು ಖಾಲಿ ಮಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅದೇ ಪ್ಲೇಗಿನ ಬೆನ್ನಲ್ಲೇ ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಬೆಂಗಳೂರಿಗೆ ಅಂಥದ್ದೇ ಮಂಡಳಿ ಬಂದದ್ದು 1945ರಲ್ಲಿ. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಎರಡು ಊರಿನಲ್ಲೂ ಅದೇ ನೇರ ಅಡ್ಡರಸ್ತೆಗಳು, ಅದೇ ಮೂವತ್ತು ನಲವತ್ತರ ಸೈಟು, ಕಾಂಪೌಂಡಿನೊಳಗೆ ಅದೇ ತೆಂಗಿನಮರ, ಬಾಗಿಲಲ್ಲಿ ಅದೇ ರಂಗೋಲಿ. ಭಾಷೆಯೂ ಹೆಚ್ಚೂಕಡಿಮೆ ಅದೇ, ಕಾಫಿಯೂ ಅದೇ.

ಈ ಬಡಾವಣೆಗಳ ಎಣಿಕೆಯಲ್ಲಿ ಒಂಟಿ ಮನುಷ್ಯ ಇರಲೇ ಇಲ್ಲ. ಸೈಟಿನ ಅಳತೆಯೇ ಸಂಸಾರದ ಅಳತೆ: ಹಾಲು, ಅಡುಗೆಮನೆ, ದೇವರಮನೆ, ಮಕ್ಕಳ ಕೋಣೆ, ಹಿಂದೆ ಒಗೆಯುವ ಕಲ್ಲು. ಒಬ್ಬರೇ ಬಂದವರಿಗೆ ಸಿಕ್ಕದ್ದು ಔಟ್‌ಹೌಸು, ಇಲ್ಲವೇ ತಾರಸಿಯ ಮೇಲಿನ ಶೀಟಿನ ರೂಮು. ಅವರನ್ನು ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆಗಳಿಗೆ ಬಿಡಲಾಗಿತ್ತು. ಮೈಸೂರಿನಲ್ಲಿ ಓದುವ ಹುಡುಗರಿಗೆ ವಾರಾನ್ನದ ಮನೆಗಳು, ಅನಾಥಾಲಯ, ಜಾತಿಗೊಂದು ಹಾಸ್ಟೆಲು. ಕುವೆಂಪು ಮದುವೆಗೆ ಮುಂಚಿನ ವರ್ಷಗಳನ್ನು ಕಳೆದದ್ದು ಅಲ್ಲಿನ ರಾಮಕೃಷ್ಣಾಶ್ರಮದಲ್ಲಿ. ಇತ್ತ ಬಸವನಗುಡಿಯಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪದ್ಮಭೂಷಣ ಪಡೆದು, 2005ರಲ್ಲಿ ತೀರಿಕೊಳ್ಳುವವರೆಗೂ ಬ್ರಹ್ಮಚಾರಿಯಾಗಿಯೇ ಉಳಿದರು. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ ಅವರ ಮನೆಯಾಗಿತ್ತು. ಅವರ ಸರಳತೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಸರಳತೆಯ ಬೆನ್ನಿಗೆ ಅಡುಗೆಭಟ್ಟರು, ಹುಡುಗರು, ಸಹೋದ್ಯೋಗಿಗಳಿರುವ ಒಂದು ಇಡೀ ಸಂಸ್ಥೆ ಇತ್ತೆಂಬುದನ್ನು ಯಾರೂ ಹೇಳುವುದಿಲ್ಲ.

ಮೈಸೂರಿನ ಮಹಿಮೆಗೆ ಸಾಕ್ಷಿಯಾಗಿ ಸದಾ ಬರುವ ಆರ್.ಕೆ. ನಾರಾಯಣ್ ಅವರ ಬದುಕನ್ನೂ ಇದೇ ಕಣ್ಣಿನಿಂದ ನೋಡಬೇಕು. 1939ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವರು ಮರುಮದುವೆಯಾಗಲಿಲ್ಲ. ಬೆಳಗ್ಗೆ ಮೈಸೂರಿನ ಬೀದಿಗಳಲ್ಲಿ ತಿರುಗಾಡಿ, ಮಾತಾಡಿ, ಮನೆಗೆ ಬಂದು ಬರೆದರು. ಅವರು ಹಾಗೆ ತಿರುಗಾಡುವಾಗ ಮನೆಯಲ್ಲಿ ತಾಯಿ, ತಮ್ಮಂದಿರು, ಮಗಳು ಇದ್ದರು. ಮೈಸೂರಿನ ನೆಮ್ಮದಿ ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಆ ಕೂಡುಕುಟುಂಬದ್ದು. ಇಳಿವಯಸ್ಸಿನಲ್ಲಿ ಅವರು ಕುಟುಂಬದ ಹತ್ತಿರವಿರಲೆಂದು ಚೆನ್ನೈಗೆ ಹೋದರು, 2001ರಲ್ಲಿ ಅಲ್ಲೇ ತೀರಿಕೊಂಡರು. ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಒಬ್ಬ ಲೇಖಕನನ್ನು ಜಗತ್ತಿಗೆ ಕೊಟ್ಟ ಊರಿಗೂ ಅವನ ಮುಪ್ಪನ್ನು ಒಬ್ಬಂಟಿಯಾಗಿ ಹೊರಲು ಆಗಲಿಲ್ಲ. ಅದು ಮೈಸೂರಿನ ತಪ್ಪಲ್ಲ. ಚಂದದ ಊರು ಮನೆಮಂದಿಯ ಜಾಗ ತುಂಬುತ್ತದೆಂಬ ನಮ್ಮ ನಿರೀಕ್ಷೆಯ ತಪ್ಪು.

ಈಗ ಪದ್ಮನಾಭನಗರಕ್ಕೆ ಬರುತ್ತೇನೆ. ಪತ್ರಿಕೆ ಓದುವವರಿಗೆಲ್ಲ ಇದು ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಮನೆಯಿರುವ ಬಡಾವಣೆ. ನಾಡಿನ ಅತ್ಯಂತ ಸುದ್ದಿಯ ಕೂಡುಕುಟುಂಬದ ವಿಳಾಸ. ಆದರೆ ಅಡ್ಡರಸ್ತೆಗಳಿಗೆ ಇಳಿದರೆ ಕಾಣುವುದು ಬೇರೆಯೇ. ಒಂದು ಕಾಲದ ಒಂಟಿ ಅಂತಸ್ತಿನ ಮನೆಗಳು ಒಡೆದುಹೋಗಿ, ಅದೇ ಸೈಟಿನಲ್ಲಿ ಮೂರು, ನಾಲ್ಕು ಮಹಡಿ ಎದ್ದಿವೆ. ಕೆಳಗೆ ಪಾರ್ಕಿಂಗ್ ಮತ್ತೊಂದು ಅಂಗಡಿ, ಮೊದಲ ಮಹಡಿಯಲ್ಲಿ ಓನರ್, ಅದರ ಮೇಲೆ ಎರಡು ಮನೆ, ತುದಿಯಲ್ಲಿ ಸಿಂಗಲ್ ರೂಮುಗಳು. ಇದನ್ನು ಕಂಡು ಹಳಬರು ಹಲುಬದ ದಿನವಿಲ್ಲ. ಬೆಳಕು ಹೋಯಿತು, ಮರ ಹೋಯಿತು, ಬೀದಿಯಲ್ಲಿ ಬೈಕು ನಿಲ್ಲಿಸಲು ಜಾಗವಿಲ್ಲ, ಒಳಚರಂಡಿ ತಡೆಯುತ್ತಿಲ್ಲ. ಎಲ್ಲವೂ ನಿಜ. ಆದರೆ ಅವರು ಹೇಳದ ಇನ್ನೊಂದು ನಿಜವಿದೆ: ಒಬ್ಬರೇ ಇರುವವರಿಗೆ ಈ ಬಡಾವಣೆಯಲ್ಲಿ ಜಾಗ ಸಿಕ್ಕದ್ದು ಈ ವಿಕಾರದಿಂದಲೇ. ಸುಂದರ ಬಂಗಲೆಯಿದ್ದ ಕಾಲದಲ್ಲಿ ನಮ್ಮಂಥವರಿಗೆ ಗೇಟಿನೊಳಗೆ ಪ್ರವೇಶವಿರಲಿಲ್ಲ.

ಓನರುಗಳ ಮನಸ್ಸು ದೊಡ್ಡದಾಯಿತೆಂದು ಇದರರ್ಥವಲ್ಲ. ಬ್ಯಾಂಕಿನ ಸಾಲದ ಕಂತು ಪ್ರತಿ ತಿಂಗಳು ಬರುತ್ತದೆ. ಖಾಲಿ ರೂಮು ಕಂತು ಕಟ್ಟುವುದಿಲ್ಲ. ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ಇಲ್ಲಿಯೂ ತೂಗುತ್ತದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎನ್ನುವುದಂತೂ ಕತ್ರಿಗುಪ್ಪೆ, ಬನಶಂಕರಿಗಳ ಟು–ಲೆಟ್ ಬೋರ್ಡುಗಳ ಕಾಯಂ ಸಾಲು. ‘ಮದುವೆ ಆಗಿಲ್ವಾ? ಯಾಕೆ? ಯಾವ ಜನ ನೀವು? ರಾತ್ರಿ ಎಷ್ಟು ಗಂಟೆಗೆ ಬರ್ತೀರಾ?’ ಎಂಬ ವಿಚಾರಣೆಯನ್ನು ಇಲ್ಲಿ ಮನೆ ಹುಡುಕಿದವರೆಲ್ಲ ಎದುರಿಸಿದ್ದಾರೆ. ವ್ಯತ್ಯಾಸವಿರುವುದು ಮನೆಗಳ ಸಂಖ್ಯೆಯಲ್ಲಿ. ಒಂದೇ ಬೀದಿಯಲ್ಲಿ ನಲವತ್ತು ಬಾಡಿಗೆ ಮನೆಗಳಿದ್ದರೆ ಹತ್ತು ಜನ ಇಲ್ಲವೆಂದರೂ ಹನ್ನೊಂದನೆಯವರು ಕೀಲಿಕೈ ಕೊಡುತ್ತಾರೆ. ನಾಲ್ಕೇ ಮನೆಯಿದ್ದು ನಾಲ್ವರೂ ಮೂಗು ಮುರಿದರೆ ಬೀದಿಯೇ ಮುಚ್ಚಿದ ಹಾಗೆ. ಜಾತಿ, ಧರ್ಮದ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಳ್ಳುವವರಿಗೆ ಎರಡೂ ಊರು ಕಹಿಯೇ. ಆದರೆ ಅವರಿಗೂ ಬಾಗಿಲುಗಳ ಎಣಿಕೆ ಲೆಕ್ಕಕ್ಕೆ ಬರುತ್ತದೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಸಮೂಹದ ಜನಸಂಖ್ಯೆ 85 ಲಕ್ಷ, ಮೈಸೂರಿನದು 10 ಲಕ್ಷದ ಸನಿಹ. ಈ ಅಂತರವನ್ನು ಎಲ್ಲರೂ ಬೆಂಗಳೂರಿನ ರೋಗವೆಂದು ಓದುತ್ತಾರೆ. ಒಬ್ಬರೇ ಇರುವವರಿಗೆ ಅದರಲ್ಲಿ ಮದ್ದೂ ಇದೆ.

ಇದು ಬೆಂಗಳೂರಿನವನ ಜಂಬವೆಂದು ಯಾರಾದರೂ ತಳ್ಳಿಹಾಕುವ ಮುನ್ನ ಮೈಸೂರಿನದೇ ಸಾಕ್ಷ್ಯ ಕೊಡುತ್ತೇನೆ. ಯೋಗಗುರು ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿದ್ದ ತಮ್ಮ ಶಾಲೆಯನ್ನು ಗೋಕುಲಂಗೆ ತಂದ ಮೇಲೆ ಆ ಬಡಾವಣೆಯ ಚಹರೆಯೇ ಬದಲಾಯಿತು. ಅಷ್ಟಾಂಗ ಯೋಗ ಕಲಿಯಲು ದೇಶವಿದೇಶಗಳಿಂದ ಒಬ್ಬೊಬ್ಬರೇ ಬರತೊಡಗಿದರು. ಗೋಕುಲಂನ ಗೃಹಸ್ಥರು ಮಹಡಿಯನ್ನು ಬೇರ್ಪಡಿಸಿ ಬಾಡಿಗೆಗೆ ಕೊಟ್ಟರು, ತಿಂಗಳ ಲೆಕ್ಕದಲ್ಲೂ ಕೊಟ್ಟರು. ಒಬ್ಬರೇ ಕೂತು ತಿನ್ನುವ ಕೆಫೆಗಳು ಬಂದವು. ಒಂಟಿ ಹೆಂಗಸು ಬೆಳಗಿನ ಜಾವ ಸ್ಕೂಟರಿನಲ್ಲಿ ಹೋದರೆ ಯಾರೂ ಕತ್ತು ಹೊರಳಿಸದ ಹಾಗಾಯಿತು. ಅದೇ ಮೈಸೂರು, ಅದೇ ಜನ. ಬದಲಾದದ್ದು ಒಂದೇ: ಒಬ್ಬರೇ ಇರುವವರು ಗುಂಪಾಗಿ ಬಂದರು. ಒಂಟಿಯಾಗಿ ಬಾಳಬೇಕಾದರೆ ಒಂಟಿಗಳ ಗುಂಪು ಬೇಕು. ನನ್ನ ವಾದದ ತಿರುಳು ಇಷ್ಟೇ. ಇದಕ್ಕೆ ಗೋಕುಲಂಗಿಂತ ಒಳ್ಳೆಯ ಪುರಾವೆ ಬೆಂಗಳೂರಿನಲ್ಲೂ ಇಲ್ಲ.

ಖರ್ಚಿನ ವಾದವನ್ನೂ ಬಿಚ್ಚಿ ನೋಡಬೇಕು. ಮೈಸೂರು ಅಗ್ಗವೆಂಬ ಲೆಕ್ಕ ಹಾಕುವವರು ಸಂಸಾರದ ಲೆಕ್ಕ ಹಾಕುತ್ತಾರೆ: ಎರಡು ಬೆಡ್‌ರೂಮಿನ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಸೈಟಿನ ಬೆಲೆ. ಇವುಗಳಲ್ಲಿ ಬೆಂಗಳೂರಿಗಿಂತ ಮೈಸೂರು ಹಗುರವೇ. ಆದರೆ ಒಬ್ಬರೇ ಇರುವವರು ಇದರಲ್ಲಿ ಕೊಳ್ಳುವುದೇನು? ಅವರಿಗೆ ಬೇಕಾದದ್ದು ಒಂದು ರೂಮು, ಬಚ್ಚಲು, ಒಲೆಯಿಡಲು ಕಟ್ಟೆ. ಅಂಥ ಸಣ್ಣ ಮನೆ ಸಿಗದ ಬಡಾವಣೆಯಲ್ಲಿ ಅವರು ಬೇಡದ ಎರಡನೇ ಬೆಡ್‌ರೂಮಿಗೂ ಬಾಡಿಗೆ ಕಟ್ಟುತ್ತಾರೆ. ಅಗ್ಗದ ಊರಿನಲ್ಲಿ ದೊಡ್ಡ ಮನೆ, ದುಬಾರಿ ಊರಿನಲ್ಲಿ ಸಣ್ಣ ರೂಮು. ಇವೆರಡರ ನಡುವಿನ ಅಂತರ ಸಲಹೆಗಾರರು ಹೇಳುವಷ್ಟು ದೊಡ್ಡದಲ್ಲ. ಇದರ ಮೇಲೆ ಓಡಾಟದ ಲೆಕ್ಕವಿದೆ. ಪದ್ಮನಾಭನಗರದಿಂದ ಬನಶಂಕರಿ ಬಸ್ ನಿಲ್ದಾಣ ಹತ್ತಿರ. ಅದರ ಪಕ್ಕದಲ್ಲೇ 2017ರಲ್ಲಿ ಬಂದ ಮೆಟ್ರೋ. ಹೊರವರ್ತುಲ ರಸ್ತೆಯಲ್ಲಿ 500ರ ಸರಣಿಯ ಬಸ್ಸುಗಳು. ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸಿಗೆ 2025ರ ಏರಿಕೆಯ ನಂತರ 1,200 ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಈ ಸವಲತ್ತು ಮೈಸೂರಿಗೂ ಉಂಟು. ಆದರೆ ಉಚಿತ ಟಿಕೆಟ್ಟಿನ ಬೆಲೆ ನಿರ್ಧಾರವಾಗುವುದು ಎಷ್ಟು ಬಸ್ಸು, ಎಷ್ಟು ಹೊತ್ತಿನವರೆಗೆ ಓಡುತ್ತವೆ ಎಂಬುದರ ಮೇಲೆ. ಗಾಡಿ ಓಡಿಸಲು ಬಾರದವರು, ಓಡಿಸುವ ವಯಸ್ಸು ದಾಟಿದವರು ಯಾವ ಊರಿನಲ್ಲಿ ಹೆಚ್ಚು ಸ್ವತಂತ್ರರು ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ಬರುತ್ತದೆ.

‘ಎರಡು ಗಂಟೆಯಲ್ಲಿ ಬೆಂಗಳೂರು’ ಎಂಬ ಮಾತಿಗೆ ಬಲ ಬಂದದ್ದು ದಶಪಥದಿಂದ. ಸುಮಾರು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅಪಘಾತಗಳ ಕಾರಣಕ್ಕೆ ಅದರ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೋಗಳಿಗೆ ನಿಷೇಧ ಬಂತು. ನಿಷೇಧ ಸರಿಯಾದದ್ದೇ, ಎಷ್ಟೋ ಜೀವ ಉಳಿದಿರಬಹುದು. ಆದರೆ ಈ ರಸ್ತೆ ಯಾರದೆಂಬುದನ್ನೂ ಅದು ಹೇಳುತ್ತದೆ: ಕಾರಿರುವ ಮನೆಯದು. ನಾಲ್ಕು ಜನ ಕೂತು ಹೋಗುವ ಕಾರಿಗೆ ಟೋಲು, ಪೆಟ್ರೋಲು ನಾಲ್ಕು ಪಾಲಾಗುತ್ತದೆ. ಒಬ್ಬರೇ ಹೋದರೆ ಎಲ್ಲ ಒಬ್ಬರದೇ. ರೈಲು ಇದೆ, ಜೋಡಿಹಳಿಯೂ ಆಗಿದೆ, ಅಗ್ಗವೂ ಹೌದು. ಆದರೂ ರೈಲಿಳಿದ ಮೇಲೆ ಮೆಜೆಸ್ಟಿಕ್ಕಿನಿಂದ ಕಚೇರಿಗೆ, ಸಂಜೆ ಮತ್ತೆ ಅಲ್ಲಿಂದ ರೈಲಿಗೆ ಎಂದು ಓಡುವವರ ದಿನದಲ್ಲಿ ಮೈಸೂರಿನ ಪ್ರಸಿದ್ಧ ಸಂಜೆ ಎಲ್ಲಿ ಬರುತ್ತದೆ? ಊರಿನ ನೆಮ್ಮದಿಗೆಂದು ಅಲ್ಲಿ ಮನೆ ಮಾಡಿ, ಎಚ್ಚರದ ಹೊತ್ತನ್ನೆಲ್ಲ ಬೋಗಿಯಲ್ಲಿ ಕಳೆಯುವುದು ನೆಲೆಸುವುದಲ್ಲ.

ಊಟದ ಮಾತು ಸಣ್ಣದೆನಿಸಬಹುದು. ಒಬ್ಬರೇ ಇರುವವರನ್ನು ಕೇಳಿ ನೋಡಿ, ಅದೇ ದೊಡ್ಡದು. ಮೈಸೂರಿನ ದೋಸೆಗೆ ನಾನೂ ಸೋತವನೇ. ಆದರೆ ಹೋಟೆಲಿಗೆ ಹೋಗಿ ಸವಿಯುವುದು ಬೇರೆ, ವರ್ಷದ ಮುನ್ನೂರ ಅರವತ್ತೈದು ದಿನ ಒಬ್ಬರಿಗಾಗಿ ಅಡುಗೆಯ ಏರ್ಪಾಡು ಮಾಡುವುದು ಬೇರೆ. ನಿಂತು ತಿನ್ನುವ ದರ್ಶಿನಿ ಹುಟ್ಟಿದ್ದು 1983ರಲ್ಲಿ, ಜಯನಗರದಲ್ಲಿ, ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿಯೊಂದಿಗೆ. ಬೇಗ, ಅಗ್ಗ, ಶುಚಿ ಎಂದು ಅದನ್ನು ಹೊಗಳುತ್ತಾರೆ. ಅದು ಮಾಡಿದ ಇನ್ನೊಂದು ಉಪಕಾರ ಯಾರ ಗಣನೆಗೂ ಬಂದಿಲ್ಲ: ಒಬ್ಬರೇ ತಿನ್ನುವ ಮುಜುಗರವನ್ನು ಅದು ಕಿತ್ತುಹಾಕಿತು. ನಾಲ್ಕು ಕುರ್ಚಿಯ ಟೇಬಲ್ಲಿನಲ್ಲಿ ಒಬ್ಬರೇ ಕೂತರೆ ಮಾಣಿಯೂ, ಕಾಯುತ್ತ ನಿಂತ ಸಂಸಾರವೂ ನೋಡುವ ನೋಟವೇ ಬೇರೆ. ದರ್ಶಿನಿಯ ಕಟ್ಟೆಯ ಮುಂದೆ ಎಲ್ಲರೂ ಒಂಟಿಗಳೇ. ಅಲ್ಲಿ ನಮಗಾಗುವ ನಷ್ಟವೆಂದರೆ ಬೈ–ಟು ಕಾಫಿಗೆ ಜೊತೆ ಸಿಗದಿರುವುದೊಂದೇ.

ದರ್ಶಿನಿಯ ಬೆನ್ನಿಗೆ ದಕ್ಷಿಣ ಬೆಂಗಳೂರಿನ ಇನ್ನೊಂದು ವಿಶೇಷವಾದ ಕಾಂಡಿಮೆಂಟ್ಸ್ ಅಂಗಡಿಗಳು ಬಂದವು. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬೇಯಿಸಿದ ಚಪಾತಿಯ ಪೊಟ್ಟಣ, ಎರಡೇ ಎರಡು ಒಬ್ಬಟ್ಟು. ಅಜ್ಜಿ, ಅಮ್ಮ, ಅತ್ತೆ ಕೂತು ಮಾಡುತ್ತಿದ್ದದ್ದನ್ನು ಈ ಅಂಗಡಿಗಳು ನೂರು ಗ್ರಾಮಿನ ಲೆಕ್ಕದಲ್ಲಿ ಮಾರುತ್ತವೆ. ನಾಲ್ಕೇ ಟೊಮೆಟೊ, ಕಾಲು ಕಿಲೋ ಬೀನ್ಸ್ ಕೇಳಿದರೆ ಹಾಪ್‌ಕಾಮ್ಸ್‌ನವರು ಮುಖ ಸಿಂಡರಿಸುವುದಿಲ್ಲ. ಇದೆಲ್ಲ ಮೈಸೂರಿನಲ್ಲೂ ಇದೆ ಎನ್ನುವಿರಿ, ಹೌದು, ಇದೆ. ಇದು ಬೀದಿಗೊಂದು ಇರಬೇಕಾದರೆ ಬೀದಿಗಿಷ್ಟು ಒಬ್ಬೊಬ್ಬರೇ ಗಿರಾಕಿಗಳಿರಬೇಕು.

ಇನ್ನು ‘ಜನ ಒಳ್ಳೆಯವರು’ ಎಂಬ ಮಾತು. ಮೈಸೂರಿನ ಸೌಜನ್ಯ ದಂತಕತೆಯಲ್ಲ, ನಿಜವಾದದ್ದೇ. ಅಪರಿಚಿತರಿಗೆ ದಾರಿ ತೋರಿಸಲು ಗಾಡಿ ನಿಲ್ಲಿಸಿ ಇಳಿದು ಬರುವವರು ಅಲ್ಲಿ ಈಗಲೂ ಸಿಗುತ್ತಾರೆ. ಆದರೆ ಆ ಸೌಜನ್ಯಕ್ಕೊಂದು ಶರತ್ತಿದೆ: ನೀವು ಯಾರ ಮನೆಯವರೆಂದು ತಿಳಿಯಬೇಕು. ಅಕ್ಕಪಕ್ಕದವರು ಮೊದಲ ವಾರ ಪ್ರೀತಿಯಿಂದ ಕೋಸಂಬರಿ ತಂದುಕೊಡುತ್ತಾರೆ. ಎರಡನೇ ವಾರ ‘ಅಪ್ಪ ಅಮ್ಮ ಯಾವಾಗ ಬರ್ತಾರಮ್ಮ?’ ಎನ್ನುತ್ತಾರೆ, ತಿಂಗಳು ಕಳೆಯುವಷ್ಟರಲ್ಲಿ ಸೋದರತ್ತೆಯ ಮಗನೊಬ್ಬನ ಜಾತಕ ಬಂದಿರುತ್ತದೆ. ಇದನ್ನು ಕ್ರೌರ್ಯವೆನ್ನಲಾಗದು, ಅಕ್ಕರೆಯೇ. ಇಪ್ಪತ್ತೆಂಟರ ವಯಸ್ಸಿನಲ್ಲಿ ನಗು ಬರಿಸುವ ಈ ಅಕ್ಕರೆ ನಲವತ್ತಾಗುವ ಹೊತ್ತಿಗೆ ಉಸಿರು ಕಟ್ಟಿಸುತ್ತದೆ. ಮದುವೆಯಾಗದವರು, ವಿಚ್ಛೇದಿತರು, ಗಂಡನನ್ನು ಬಿಟ್ಟು ಬಂದವರು, ವಿಧವೆಯರು ಎಲ್ಲ ಸೇರಿ ದೇಶದಲ್ಲಿ ಒಂಟಿ ಮಹಿಳೆಯರ ಸಂಖ್ಯೆ 2011ರ ಜನಗಣತಿಯ ಪ್ರಕಾರ ಏಳು ಕೋಟಿಯ ಮೇಲೆ. ಇವರಲ್ಲಿ ಬಹುಪಾಲು ಜನರಿಗೆ ಊರು ಬದಲಿಸುವ ಆಯ್ಕೆಯೇ ಇಲ್ಲ. ಆಯ್ಕೆಯಿರುವ ಕೆಲವರು ತಮ್ಮ ಬಗ್ಗೆ ಕುತೂಹಲ ಕಡಿಮೆಯಿರುವ ಊರನ್ನು ಬಯಸಿದರೆ ಅದನ್ನು ಸೊಕ್ಕೆನ್ನಬಾರದು. ಮೈಸೂರು ಸುರಕ್ಷಿತ ಎಂಬ ಮಾತಿನ ಅರ್ಧದಲ್ಲಿ ಎಲ್ಲರೂ ನಿಮ್ಮನ್ನು ಗಮನಿಸುತ್ತಿದ್ದಾರೆ ಎಂಬುದೇ ಇದೆ. ಬೆಂಗಳೂರಿನಲ್ಲಿ ಆ ಕಾವಲು ಇಲ್ಲ, ಅದರಿಂದ ಅಪಾಯವೂ ಉಂಟು. ಯಾವ ಅಪಾಯವನ್ನು ಹೊರುವುದೆಂದು ಹೊರುವವರೇ ತೀರ್ಮಾನಿಸಲಿ, ಪಾರ್ಕಿನ ಹಿರಿಯರಲ್ಲ.

ಕೆಲಸದ ಸಂಗತಿ ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಒಂದೇ ಮಾತು. ಮೈಸೂರಿನಲ್ಲಿ ಒಳ್ಳೆಯ ಕೆಲಸಗಳಿಲ್ಲವೆಂದಲ್ಲ: ಇನ್ಫೊಸಿಸ್ ಇದೆ, ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನದಂಥ ಕೇಂದ್ರದ ಸಂಸ್ಥೆಗಳಿವೆ, ಹಳೆಯ ವಿಶ್ವವಿದ್ಯಾಲಯವಿದೆ. ಮೊದಲ ಕೆಲಸ ಅಲ್ಲಿ ಸಿಗುತ್ತದೆ. ಅದು ಹೋದಾಗ ಅದೇ ಊರಿನಲ್ಲಿ ಎರಡನೆಯದು ಸಿಗುವುದೇ ಎಂದು ಕೇಳಬೇಕು. ಇಬ್ಬರು ದುಡಿಯುವ ಮನೆ ಒಬ್ಬರ ಸಂಬಳ ನಿಂತರೂ ಕುಂಟುತ್ತ ನಡೆಯುತ್ತದೆ. ಒಬ್ಬರೇ ದುಡಿದು ಒಬ್ಬರೇ ತಿನ್ನುವವರಿಗೆ ಎರಡನೇ ಕೆಲಸ ಇರುವ ಊರೇ ವಿಮೆ.

ಇಷ್ಟೆಲ್ಲ ಹೇಳಿ ಬೆಂಗಳೂರನ್ನು ಮೆರವಣಿಗೆ ಮಾಡುವ ಇರಾದೆ ನನಗಿಲ್ಲ. ಇಲ್ಲಿನ ಪೀಜಿಗಳಲ್ಲಿ ಒಂದೇ ಕೋಣೆಗೆ ಮೂರು ಮಂಚ ತುರುಕಿ, ತಿಳಿಸಾರಿಗೂ ಲೆಕ್ಕವಿಟ್ಟು, ‘ವಿಸಿಟರ್ಸ್ ನಾಟ್ ಅಲೋಡ್’ ಎಂದು ಬರೆದು ಅದಕ್ಕೆ ಅನುಕೂಲವೆಂದು ಹೆಸರಿಡುತ್ತಾರೆ. ಹಿಂದೆ ಹಾಸ್ಟೆಲು, ಆಶ್ರಮಗಳು ಧರ್ಮಕ್ಕೆ ಮಾಡುತ್ತಿದ್ದದ್ದನ್ನು ಇಂದು ಮಾರುಕಟ್ಟೆ ಲಾಭಕ್ಕೆ, ಅದೂ ಅರೆಬರೆಯಾಗಿ ಮಾಡುತ್ತಿದೆ. ಅಡ್ವಾನ್ಸಿನ ವಿಷಯಕ್ಕೆ ಬಂದರೆ, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಪದ್ಧತಿ ಈ ಊರಿನ ಹಳೆಯ ಅಪಕೀರ್ತಿ. ಈಗ ಕೊಂಚ ಇಳಿದಿದೆಯಷ್ಟೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ. ನಮ್ಮ ಓನರುಗಳಿಗೆ ಅದು ಜೋಕಿನಂತೆ ಕೇಳಿಸುತ್ತದೆ. ಆ ಮುಂಗಡವನ್ನು ಹಂಚಿಕೊಳ್ಳಲು ಇನ್ನೊಬ್ಬರಿಲ್ಲದವರಿಗೆ ಅದೇ ದೊಡ್ಡ ಗೋಡೆ. ನೀರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಎತ್ತಿ ತರಬೇಕಾದದ್ದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಅದರ ಅರ್ಥ ಗೊತ್ತು. ಮೈಸೂರು 2015ರಲ್ಲಿ 476 ನಗರಗಳ ನಡುವೆ, 2016ರಲ್ಲಿ 73 ನಗರಗಳ ನಡುವೆ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು ಬಂದದ್ದು ಸುಮ್ಮನೆ ಅಲ್ಲ. ನಮ್ಮ ಬೀದಿಯ ಮೂಲೆಯ ಕಸದ ಗುಡ್ಡೆಯನ್ನು ನೋಡುತ್ತಲೇ ಇದನ್ನು ಒಪ್ಪುತ್ತೇನೆ.

ಮೈಸೂರಿಗೆ ಹೋಗಲೇಬೇಕಾದ ಒಂಟಿಗಳೂ ಇದ್ದಾರೆ. ಅಲ್ಲಿ ಒಡಹುಟ್ಟಿದವರೋ ಬಾಲ್ಯದ ಗೆಳೆಯರೋ ಇರುವವರು. ಕೇಂದ್ರದ ಸಂಸ್ಥೆಗಳಲ್ಲಿ ನಿವೃತ್ತಿಯವರೆಗೆ ಕೆಲಸ ಗಟ್ಟಿಯಿರುವವರು. ರಂಗಾಯಣವೋ ಸಂಗೀತವೋ ಯೋಗವೋ ಯಾವುದೋ ಒಂದು ಬಳಗದೊಳಗೆ ಈಗಾಗಲೇ ಸೇರಿಕೊಂಡವರು. ಗಮನಿಸಿ: ಇವರೆಲ್ಲರಿಗೂ ಮೈಸೂರು ಒಗ್ಗುವುದು ಅದು ಶಾಂತವಾಗಿದೆ ಎಂಬ ಕಾರಣಕ್ಕಲ್ಲ, ಅಲ್ಲಿ ಅವರಿಗೆ ಜನರಿದ್ದಾರೆ ಎಂಬ ಕಾರಣಕ್ಕೆ. ಸೈಟು ಅಗ್ಗವಾಗಿ ಸಿಕ್ಕಿತೆಂದು ಹೋಗುವವರು ಮಾತ್ರ ಎರಡು ಸಲ ಯೋಚಿಸಬೇಕು. ಸೈಟು ಕೊಂಡು ಮನೆ ಕಟ್ಟಿದರೇ ನೆಲೆಸಿದಂತೆ ಎಂಬುದು ಮುಂದಿನ ತಲೆಮಾರಿಗೆ ದಾಟಿಸುವ ಸಂಸಾರದ ನಂಬಿಕೆ. ದಾಟಿಸಬೇಕಾದವರು ಇಲ್ಲದಿದ್ದಾಗ ಮನೆಯಿಂದ ಬೇಕಾದದ್ದು ಅನುಕೂಲ. ಮೂರು ಕಡೆ ಖಾಲಿ ಸೈಟುಗಳಿರುವ ಹೊಸ ಬಡಾವಣೆಯ ಸ್ವಂತ ಮನೆಗಿಂತ, ಕೆಳಗೆ ಮೆಡಿಕಲ್ ಶಾಪು, ಎದುರಿಗೆ ಹಾಲಿನ ಬೂತು ಇರುವ ಬಾಡಿಗೆಯ ರೂಮು ಅವರಿಗೆ ಹೆಚ್ಚು ಗಟ್ಟಿಯಾದ ನೆಲೆ.

ಕೊನೆಯದಾಗಿ ಮುಪ್ಪಿನ ವಾದ. ಪಿಂಚಣಿದಾರರ ಸ್ವರ್ಗವೆಂಬ ಬಿರುದು ಮೊದಲು ಬೆಂಗಳೂರಿನದಾಗಿತ್ತು. ಗದ್ದಲ ಹೆಚ್ಚಾದಂತೆ ಅದನ್ನು ಮೈಸೂರಿಗೆ ದಾಟಿಸಿದೆವು. ಆದರೆ ಆ ಸ್ವರ್ಗ ದಂಪತಿಗಳದ್ದು: ಒಬ್ಬರಿಗೆ ಕಾಲುನೋವು ಬಂದರೆ ಇನ್ನೊಬ್ಬರು ಔಷಧಿ ತರುತ್ತಾರೆ. ಆಸ್ಪತ್ರೆಗಳ ವಿಷಯದಲ್ಲಿ ಎರಡು ಊರಿಗೂ ಕೊರತೆಯಿಲ್ಲ. ಜಯದೇವ ಎರಡು ಕಡೆಯೂ ಇದೆ. ಕೊರತೆ ಬೀಳುವುದು ದಾಖಲಾತಿಯ ಕೌಂಟರಿನಲ್ಲಿ, ‘ಜೊತೆಗೆ ಯಾರು ಬಂದಿದ್ದಾರೆ?’ ಎಂದು ಕೇಳಿದಾಗ. ಕಾನೂನಿಗೂ ಈ ಪ್ರಶ್ನೆ ನಿಧಾನವಾಗಿ ಅರ್ಥವಾಗುತ್ತಿದೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ ಅದರ ಜಾರಿಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಮಾತಾಡುವ ಶಕ್ತಿ ಹೋದಾಗ ತನ್ನ ಚಿಕಿತ್ಸೆಯ ಬಗ್ಗೆ ಯಾರು ತೀರ್ಮಾನಿಸಬೇಕೆಂದು ನಂಬಿಕಸ್ಥರ ಹೆಸರನ್ನು ಮೊದಲೇ ಬರೆದಿಡಲು ಇದು ಅವಕಾಶ ಕೊಡುತ್ತದೆ.

ಊರು ಆರಿಸುವ ಒಂಟಿಗಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚಿಲ್ಲ. ಆ ಕಾಗದದಲ್ಲಿ ಬರೆಯಬೇಕಾದ ಹೆಸರಿನವರು ಮೈಸೂರಿನಲ್ಲಿದ್ದರೆ ಇಂದೇ ಹೊರಡಿ, ಬಾಡಿಗೆ ಎಷ್ಟಿದ್ದರೂ ಸರಿ. ಎಲ್ಲೂ ಇಲ್ಲದಿದ್ದರೆ ಅಂಥವರು ಸಿಗುವ ಸಂಭವ ಹೆಚ್ಚಿರುವ ಕಡೆ ಮನೆ ಮಾಡಿ: ಅದೇ ಸಾಲು ಖಾಲಿಯಿರುವ ಇನ್ನಷ್ಟು ಜನ ಅದೇ ಮಹಡಿಯಲ್ಲಿ, ಅದೇ ಬಸ್ಸಿನಲ್ಲಿ, ಅದೇ ದರ್ಶಿನಿಯ ಕಟ್ಟೆಯ ಮುಂದೆ ಇರುವ ಕಡೆ. ನನ್ನ ಲೆಕ್ಕದಲ್ಲಿ ಅದು ಗದ್ದಲದ, ಧೂಳಿನ, ಮಹಡಿಯ ಮೇಲೆ ಮಹಡಿ ಎದ್ದ ಪದ್ಮನಾಭನಗರದಂಥ ಜಾಗ. ಶಾಂತಿ ಬೇಕೆನಿಸಿದಾಗ ಮೈಸೂರಿಗೆ ರೈಲಿದೆ. ಶನಿವಾರ ಹೋಗಿ ಭಾನುವಾರ ಬರಬಹುದು.